ಆದಿಲಕ್ಷ್ಮಮ್ಮನ ಬೆರಕೆ ಸೊಪ್ಪು

ಸುಗಟೂರಿನಲ್ಲಿ ಆದಿಲಕ್ಷ್ಮಮ್ಮನ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಒಗ್ಗರಣೆಯ ವಾಸನೆಯಿಂದಲೇ ಅಲ್ಲಿ ಏನಡುಗೆ ಎಂದು ನಾನು ಹೇಳಬಲ್ಲೆ. ಮುಂಚೆ ಮಸ್ಸೊಪ್ಪು, ಬಸ್ಸಾರು, ಹುರುಳಿಕಾಳು. ಈಗ ಚಿತ್ರಾನ್ನ, ಬಿಟ್ಟರೆ ಪ್ಯಾಕೆಟ್ ಪುಡಿಯ ಸಾರು. ಊರೇ ಹಾಗಾಗಿರುವಾಗ ಅವಳೊಬ್ಬಳನ್ನು ಅಂದು ಏನು ಬಂತು? ಬೆಳಗಾಗುವ ಮುಂಚೆ ನಮ್ಮ ಬೀನ್ಸು, ಟೊಮೆಟೊ ಟೆಂಪೊ ಹತ್ತಿ ಕೋಲಾರದ ಮಾರ್ಕೆಟ್ಟಿಗೆ ಹೋಗುತ್ತವೆ, ಹಾಲು ಡೇರಿಗೆ ಹೋಗುತ್ತದೆ. ಅದೇ ಟೆಂಪೊದಲ್ಲಿ ಅಂಗಡಿಗೆ ಬನ್ನು, ಪಾಮಾಯಿಲ್ಲು, ಕುರುಕಲು ಪ್ಯಾಕೆಟ್ಟಿನ ಸರ ವಾಪಸು ಬರುತ್ತವೆ. ಮನೆಗೆ ಉಳಿಯುವುದು ಹುಳುಕು ಕಾಯಿ. ಬೀದಿಯ ಹೆಂಗಸರು ಸೇರಿದರೆ ಸೊಸೆಯರ ಸುದ್ದಿಗಿಂತ ಶುಗರ್ ಮಾತ್ರೆಯ ಸುದ್ದಿಯೇ ಹೆಚ್ಚು. ಟೌನಿನಲ್ಲಿ ದುಡ್ಡಿರುವವರು ಡಾಕ್ಟರು ಹೇಳಿದರೆಂದು ಹುಡುಕಿ ಹುಡುಕಿ ಸೊಪ್ಪು, ರಾಗಿ ಕೊಳ್ಳುತ್ತಾರೆ. ಬೆಳೆಯುವ ನಾವು ಟೀಗೆ ಬನ್ನು ಅದ್ದಿಕೊಂಡು ತಿನ್ನುತ್ತೇವೆ. ನೆನೆದರೆ ನನಗೆ ಮೈ ಉರಿಯುತ್ತದೆ.

ಲಕ್ಕೂರಿಗೆ ಕೊಟ್ಟಿದ್ದ ಆದಿಲಕ್ಷ್ಮಮ್ಮನ ಮಗಳು ಮೇಘನ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಮುಖ ಸುಣ್ಣ ಬಳಿದ ಹಾಗಿತ್ತು. ಆಸ್ಪತ್ರೆಯಲ್ಲಿ ರಕ್ತ ತೀರಾ ಕಮ್ಮಿ, ಮಾತ್ರೆಯ ಜೊತೆ ಸೊಪ್ಪು ಸದೆ ಚೆನ್ನಾಗಿ ತಿನ್ನಿಸಿ ಎಂದರು. ಹುಡುಗಿಗೆ ಊಟ ಕಂಡರೆ ವಾಕರಿಕೆ. ಅಂಗಡಿಗೆ ಬಂದಿದ್ದ ಬಾಡಿದ ಪಾಲಕ್ ತಂದು ಬೇಯಿಸಿದರೆ ತಟ್ಟೆ ಸರಿಸಿಬಿಟ್ಟಳು.

"ಅಮ್ಮಾ, ನಾನು ಸ್ಕೂಲಿಗೆ ಹೋಗ್ವಾಗ ನೀನು ಬೆರಕೆ ಸೊಪ್ಪಿನ ಮಸ್ಸೊಪ್ಪು ಮಾಡ್ತಿದ್ದೆ ನೋಡು, ಅದಾದ್ರೆ ಒಂದು ಮುದ್ದೆ ತಿಂತೀನಿ."

ಅಷ್ಟು ಕೇಳಿದ್ದೇ ಆದಿಲಕ್ಷ್ಮಮ್ಮನ ಕಣ್ಣು ತುಂಬಿತು. ಬೆರಕೆ ಸೊಪ್ಪು ಯಾರೂ ಬಿತ್ತುವುದಲ್ಲ. ಮಳೆ ಬಿದ್ದರೆ ಹೊಲದ ತುಂಬ ಅಣ್ಣೆ, ಗೋಣಿ, ಹೊನಗೊನೆ, ದೊಗ್ಗಲಿ ತಾವಾಗಿಯೇ ಏಳುತ್ತಿದ್ದವು. ನಾವು ಮಾತಾಡಿಕೊಂಡು ಯಾರ ಹೊಲಕ್ಕೆ ಬೇಕಾದರೂ ನುಗ್ಗಿ ಮಡಿಲು ತುಂಬಿಕೊಳ್ಳುತ್ತಿದ್ದೆವು. ಅಪ್ಪಣೆ ಕೇಳುವ ಪದ್ಧತಿಯೇ ಇರಲಿಲ್ಲ, ಕಳೆ ಹೋಯಿತಲ್ಲ ಎಂದು ಹೊಲದವನೇ ಖುಷಿಪಡುತ್ತಿದ್ದ. ಆ ಮಧ್ಯಾಹ್ನಗಳು ಮತ್ತೊಮ್ಮೆ ಸಿಗಲಿ ಎಂದು ನನಗೂ ಆಸೆಯಾಗುತ್ತದೆ.

"ಬಾರೇ, ಹೊಲಕ್ಕೆ ಹೋಗಿ ನೋಡನ" ಎಂದು ನನ್ನನ್ನು ಎಳೆದುಕೊಂಡು ಹೊರಟಳು. ಅವಳ ಹೊಲದಲ್ಲಿ ಟೊಮೆಟೊ ಸಾಲಿಗೆಲ್ಲ ಪ್ಲಾಸ್ಟಿಕ್ ಹೊದಿಸಿತ್ತು. ಬದುವಿಗೆ ಅವಳ ಗಂಡ ಸೊಣ್ಣಪ್ಪ ಕಳೆ ಔಷಧಿ ಹೊಡೆದಿದ್ದ, ಹುಲ್ಲು ಸಹಿತ ಸುಟ್ಟು ಹಳದಿಯಾಗಿತ್ತು. ಬದುವಿನ ಆಚೆ ಮಾತ್ರ ಸುಬ್ಬರಾಯಪ್ಪನ ಹಿಪ್ಪುನೇರಳೆ ತೋಟ. ಗಿಡಗಳ ಸಾಲಿನ ನಡುವೆ ಅಣ್ಣೆ ಸೊಪ್ಪು ಹಸಿರು ಹಾಸಿತ್ತು.

ಆದರೆ ಆ ಮನೆಗೂ ಇವರಿಗೂ ಮಾತಿಲ್ಲ. ಹೋದ ವರ್ಷ ಸೊಣ್ಣಪ್ಪ ಟೊಮೆಟೊಗೆ ಹೊಡೆದ ಔಷಧಿ ಗಾಳಿಗೆ ಹಾರಿ ತೋಟದ ಮೇಲೆ ಬಿದ್ದು, ಆ ಎಲೆ ತಿಂದ ಹುಳ ಎಲ್ಲ ಸತ್ತಿದ್ದವು. ರೇಷ್ಮೆಯವರಿಗೆ ಹುಳ ಅಂದರೆ ಹಸುಗೂಸಿನ ಲೆಕ್ಕ. ಆದಿಲಕ್ಷ್ಮಮ್ಮ ಸ್ವಲ್ಪ ಹೊತ್ತು ಬದುವಿನ ಮೇಲೆ ನಿಂತಳು. ಆಮೇಲೆ ಹಳೆಯ ಕಾಲದ ಹಾಗೆ ಕೇಳದೆಯೇ ಇಳಿದು, ಮೊದಲ ಸಾಲಿನಿಂದಲೇ ಕೀಳತೊಡಗಿದಳು. ಎಷ್ಟು ಆಸೆಯಿಂದ ಕೀಳುತ್ತಿದ್ದಳೆಂದರೆ, ಸುಬ್ಬರಾಯಪ್ಪ ಬಂದು ನಿಂತದ್ದೂ ಗೊತ್ತಾಗಲಿಲ್ಲ.

ಬೈಯುತ್ತಾನೆಂದು ನಾನು ಸೆರಗು ಬಿಗಿದು ಜಗಳಕ್ಕೆ ಸಿದ್ಧಳಾದೆ.

"ಮೇಘನಂಗೆ ರಕ್ತ ಇಲ್ವಂತೆ ಅಣ್ಣಾ, ಮಸ್ಸೊಪ್ಪು ಕೇಳ್ತು" ಎಂದಳು ಅವಳು, ತಲೆ ಎತ್ತದೆ.

ಸುಬ್ಬರಾಯಪ್ಪ ಅವಳ ಮಡಿಲು ನೋಡಿದ. "ಅದನ್ನ ಸುರಿದುಬಿಡಮ್ಮ" ಎಂದ.

"ಬಾಯಿಗಿಡೋ ಸೊಪ್ಪಿಗೂ ಹಗೇನಾ?" ಎಂದು ನಾನು ಬಾಯಿ ಹಾಕಿದೆ.

"ಲೇ, ಸುಮ್ನಿರೇ. ಹಗೆ ಅಲ್ಲ ಕಣೇ. ಇವು ನಿಮ್ಮ ಬದುವಿನ ಪಕ್ಕದ ಸಾಲು. ಈ ಎಲೆ ನಾನು ಹುಳಕ್ಕೂ ಹಾಕಲ್ಲ. ಬಸುರಿ ಹುಡ್ಗಿಗೆ ತಿನ್ನಿಸ್ತೀರಾ?" ಎಂದವನು ತೋಟದ ಆ ತುದಿ ತೋರಿಸಿದ. "ಅಲ್ಲಿ ಕಿತ್ಕೊಳಮ್ಮ. ಬೇಕಾದಾಗೆಲ್ಲ ಬಾ."

ಅವಳು ಮಡಿಲು ಬಿಚ್ಚಿದಳು. ಸೊಪ್ಪು ಕಾಲ ಬಳಿ ಬಿತ್ತು. ಆ ತುದಿಗೆ ನಡೆಯುತ್ತಾ ಒಮ್ಮೆಯೂ ನನ್ನ ಮುಖ ನೋಡಲಿಲ್ಲ. ಇಷ್ಟು ವರ್ಷ ಅದೇ ಬದುವಿನ ಈಚೆಗೆ ಕೂತು ಬುತ್ತಿ ಉಂಡವಳು ಅವಳು.

ಅಂದು ಸಂಜೆ ಗೋಡೆಯಾಚೆಯಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬಂತು, ನಾನು ಬಟ್ಟಲು ಹಿಡಿದು ಹೋಗಿಯೇಬಿಟ್ಟೆ. ಮೇಘನ ಮುದ್ದೆ ಮುರಿದು ಮಸ್ಸೊಪ್ಪಿನಲ್ಲಿ ಅದ್ದಿ ನುಂಗುತ್ತಿದ್ದಳು, ಮತ್ತೊಂದು ತುತ್ತಿಗೆ ಕೈ ಹಾಕುತ್ತಿದ್ದಳು. ಅವಳಮ್ಮ ಎದುರಿಗೆ ಕೂತು ನೋಡುತ್ತಿದ್ದಳು. ಹೊಲದಿಂದ ಬಂದ ಸೊಣ್ಣಪ್ಪ ಕೈಕಾಲು ತೊಳೆದು ತಾನೂ ತಟ್ಟೆ ಎಳೆದುಕೊಂಡ.

"ಎಷ್ಟು ದಿನ ಆಗಿತ್ತೇ ಈ ರುಚಿ ಕಂಡು! ಎಲ್ಲಿತ್ತು ಸೊಪ್ಪು?"

ಆದಿಲಕ್ಷ್ಮಮ್ಮ ಅವನ ತಟ್ಟೆಗೆ ಮುದ್ದೆ ಇಟ್ಟಳು.

"ಧೈರ್ಯವಾಗಿ ತಿನ್ನಿ" ಎಂದಳು. "ನಮ್ಮ ಹೊಲದ್ದಲ್ಲ."