ಕಾಲುವೆಯ ನೀರಿಗೆ ಬಿಸಿಲ ಮದ್ದು: ಪ್ರೊಫೆಸರ್ ಬಹೀಗಾ ರಿಜ್ಕ್ ಅವರ ಸೇವಾವರ್ಷಗಳು

ನೈಲ್ ಮುಖಜಭೂಮಿಯ ಜಲರಸಾಯನ ಸಂಶೋಧಕರ ಸಾಲಿನಲ್ಲಿ ಪ್ರೊಫೆಸರ್ ಬಹೀಗಾ ರಿಜ್ಕ್ ಅವರದು ಮೊದಲ ಪಂಕ್ತಿಯ ಹೆಸರು. ಬಿಸಿಲು ತಾಗಿದೊಡನೆ ಚುರುಕಾಗುವ ವೇಗವರ್ಧಕದ ಪುಡಿಯಿಂದ, ನೀರಿಗೆ ಸೇರಿದ ಪ್ರತಿಜೀವಕ ಔಷಧಗಳನ್ನು ಒಡೆಯುವ ವಿದ್ಯೆಯನ್ನು ಪ್ರಯೋಗಾಲಯದಿಂದ ದಮನ್‌ಹೂರ್ ಸುತ್ತಲಿನ ಕಾಲುವೆಗಳ ದಡಕ್ಕೆ ತಂದವರು ಅವರು.

ಅವರ ಸೇವೆ ಆರಂಭವಾದದ್ದು ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿ. ಹೆರಿಗೆಯ ಗಾಯ ಕೀವುಗಟ್ಟಿದ ಬಾಣಂತಿಯೊಬ್ಬಳಿಗೆ ಮೂರು ಬಗೆಯ ಔಷಧಗಳೂ ನಾಟದೆ, ನಾಲ್ಕನೆಯದಕ್ಕೆ ಜೀವ ಉಳಿಯಿತು. ಕೋಳಿ ಸಾಕಣೆಯ ಶೆಡ್ಡುಗಳಿಂದ ಕಾಲುವೆಗೆ ಹರಿಯುವ ಔಷಧದಲ್ಲಿಯೇ ರೋಗಾಣುಗಳು ಅದಕ್ಕೆ ಜಗ್ಗದಂತೆ ಪಳಗುತ್ತಿವೆಯೆಂಬ ಅನುಮಾನ ಅಂದಿನಿಂದ ಅವರನ್ನು ಬಿಡಲಿಲ್ಲ. ಆಸ್ಪತ್ರೆ ತೊರೆದು ಸಂಶೋಧನೆಗೆ ಬಂದವರು ಹನ್ನೊಂದು ವರ್ಷ ಪುಡಿ ಅರೆದು, ಗಾಜಿನ ಕೊಳವೆಗಳಿಗೆ ಲೇಪಿಸಿ, ಅವುಗಳಲ್ಲಿ ನೀರು ಹರಿಸಿ ನೋಡಿದರು.

ನಗ್ಲಾ ಎಂಬ ಶಿಷ್ಯೆ ಬಂದ ವರ್ಷ, ಯಂತ್ರದ ಅಳತೆಯಂತೆ, ನೀರಿನಲ್ಲಿದ್ದ ಔಷಧ ನೂರಕ್ಕೆ ತೊಂಬತ್ತೆಂಟು ಪಾಲು ಮಾಯವಾಗಿತ್ತು. ಮುಂದಿನ ಭಾನುವಾರ ಅಧಿಕಾರಿಗಳೆದುರು ಆ ನೀರನ್ನು ಹಳ್ಳಿಯ ಮೀನುಹೊಂಡಕ್ಕೆ ಬಿಡುವುದೆಂದು ನಿಶ್ಚಯವಾಯಿತು. ಯಾರೂ ಹೇಳದಿದ್ದರೂ ನಗ್ಲಾ ಆ ನೀರಿನಲ್ಲಿ ಕಾಗದದ ಬಿಲ್ಲೆಯೊಂದನ್ನು ನೆನೆಸಿ, ಬ್ಯಾಕ್ಟೀರಿಯಾ ಬಿತ್ತಿದ ತಟ್ಟೆಯಲ್ಲಿಟ್ಟಳು. ಮರುದಿನ ಬಿಲ್ಲೆಯ ಸುತ್ತ ಏನೂ ಬೆಳೆಯದ ಬಯಲು, ಉಂಗುರದಂತೆ. ಔಷಧ ಒಡೆದಿತ್ತು ನಿಜ; ಅದರ ಚೂರುಗಳಲ್ಲಿ ಕೊಲ್ಲುವ ಗುಣ ಉಳಿದೇ ಇತ್ತು. ಗುರುಗಳ ಹನ್ನೊಂದು ವರ್ಷದ ದುಡಿಮೆಗೆ ತಾನೇ ಮಣ್ಣು ಹಾಕಿದಂತಾಗುತ್ತದೆಂದು ಹೆದರಿ ಎರಡು ದಿನ ತಟ್ಟೆಯನ್ನು ಬಚ್ಚಿಟ್ಟಳು. ಗುರುವಾರ ತಡೆಯಲಾರದೆ ತಂದು ಮೇಜಿನ ಮೇಲಿಟ್ಟು ಅತ್ತುಬಿಟ್ಟಳು.

ಬಹೀಗಾ ಅವರು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಎರಡು ದಿನದಿಂದ ಹೊಟ್ಟೆಗೇನಾದ್ರೂ ಹಾಕಿದ್ದೀಯೇನೇ?" ಎಂದರು.

ಅವಳು ಕಣ್ಣೊರೆಸಿಕೊಂಡು ಇಲ್ಲವೆಂದು ತಲೆಯಾಡಿಸಿದಳು.

"ಮೊದ್ಲು ಕೂತ್ಕೊಂಡು ರೊಟ್ಟಿ, ಫೂಲ್ ಕಾಳಿನ ಪಲ್ಯ ತಿನ್ನು. ಇದನ್ನ ಭಾನುವಾರ ಆದ್ಮೇಲೆ ತಂದಿದ್ರೆ, ಆ ಮೀನು ತಿನ್ನೋರಿಗೆ ನಾನು ಏನಂತ ಹೇಳ್ತಿದ್ದೆ?"

ಪರೀಕ್ಷೆಯನ್ನು ತಾನೇ ಮೊದಲು ಮಾಡಿಸಬೇಕಿತ್ತು, ತಪ್ಪು ತನ್ನದು ಎಂದು ಅಧಿಕಾರಿಗಳಿಗೆ ತಿಳಿಸಿ ಅಂದೇ ಕಾರ್ಯಕ್ರಮ ರದ್ದುಮಾಡಿಸಿದರು. ಪ್ರಕಟಣೆಗೆ ಕಳುಹಿಸಿದ್ದ ಪ್ರಬಂಧವನ್ನು ಹಿಂಪಡೆದರು. ಸಹೋದ್ಯೋಗಿಗಳ ಕುಹಕವನ್ನು ನುಂಗಿಕೊಂಡರು. ನಗ್ಲಾಳ ಹೆಸರನ್ನು ಮಾತ್ರ ಎಲ್ಲಿಯೂ ಎತ್ತಲಿಲ್ಲ.

ಆಮೇಲೆ ಹದಿನಾಲ್ಕು ತಿಂಗಳು ಗುರುಶಿಷ್ಯೆಯರು ಲೇಪ ಬದಲಿಸುತ್ತ, ನೀರು ಬಿಸಿಲಿನಲ್ಲಿ ನಿಲ್ಲುವ ಹೊತ್ತನ್ನು ಹೆಚ್ಚಿಸುತ್ತ ಹೆಣಗಿದರು. ಪ್ರತಿ ವಾರ ತಟ್ಟೆ; ಪ್ರತಿ ತಟ್ಟೆಯಲ್ಲೂ ಉಂಗುರ. ಪ್ರಯೋಗಾಲಯದ ಹಿರಿಯ ಸಹಾಯಕ ಬಯೂಮಿಯವರು ಚಹಾ ಇಡುತ್ತ, "ಲೋಕದ ಹೆಂಗಸ್ರೆಲ್ಲ ಉಂಗುರ ಬೇಕು ಅಂತಾರೆ, ನಮ್ಮ ಡಾಕ್ಟ್ರಮ್ಮ ಒಬ್ರೇ ಬೇಡ ಅನ್ನೋದು" ಎಂದು ಕೆಣಕುತ್ತಿದ್ದರು.

ಒಂದು ಮಂಗಳವಾರ ನಗ್ಲಾ ತಟ್ಟೆ ಹೊರತೆಗೆದಾಗ ಬಿಲ್ಲೆಯ ಅಂಚಿನವರೆಗೂ ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆದಿತ್ತು. ನೀರಿನಲ್ಲಿ ಔಷಧದ ಗುಣ ಲವಲೇಶವೂ ಉಳಿದಿರಲಿಲ್ಲ. ಆ ವಾರ ಇಟ್ಟಿದ್ದ ಉಳಿದ ಒಂಬತ್ತು ತಟ್ಟೆಗಳಲ್ಲೂ ಹಾಗೆಯೇ. ಬಹೀಗಾ ಅವರು ಕನ್ನಡಕ ತೆಗೆದು ಕುರ್ಚಿಗೊರಗಿ, "ಉಸ್ಸಪ್ಪಾ, ಬದುಕಿದೆ ಕಣೇ" ಎಂದವರು ಕೂತಲ್ಲೇ ನಿದ್ದೆಹೋದರು. ಮಧ್ಯಾಹ್ನದವರೆಗೆ ಯಾರೂ ಎಬ್ಬಿಸಲಿಲ್ಲ.

ಹಳ್ಳಿಯ ಆ ಮೀನುಹೊಂಡಕ್ಕೆ ನೀರು ಬಿಟ್ಟು ಈಗ ಒಂಬತ್ತು ವರ್ಷ. ನಗ್ಲಾ ವಿಭಾಗದ ಹೊಣೆ ಹೊತ್ತಿದ್ದಾಳೆ. ನಿವೃತ್ತರಾದ ಪ್ರೊಫೆಸರ್ ಅವರಾದರೋ ಆಸ್ಪತ್ರೆಗಳ ಕೊಳಚೆನೀರಿಗೆ ಕೈಹಾಕಿದ್ದಾರೆ. ವಿಶ್ರಮಿಸಿರೆನ್ನುವ ಧೈರ್ಯ ನಮಗಿಲ್ಲ. ಅವರ ಕಣ್ಣು ಕೈಕಾಲು ಗಟ್ಟಿಯಾಗಿರಲಿ. ಕೆಟ್ಟ ಸುದ್ದಿ ಹೊತ್ತ ಶಿಷ್ಯರು ಅಂಜದೆ ಅವರ ಬಾಗಿಲು ತಟ್ಟುವಂಥ ವರ್ಷಗಳು ಇನ್ನೂ ಬಹಳ ಇರಲಿ.