ಒಂದೇ ಕೈಯಲ್ಲಿ ಓಡಿದ ಗಾಡಿ

ಕಳೆದ ವಾರ ಊಟಕ್ಕೆ ಕೂತಿದ್ದಾಗ ಯಾರೋ ವಾಟ್ಸಾಪಿನಲ್ಲಿ ಒಂದು ಕಾರಿನ ಚಿತ್ರ ಕಳಿಸಿದರು. ಪಿಸ್ತಾ ಹಸಿರಿನ ಮೈ, ಕೆನೆ ಬಣ್ಣದ ತಲೆ, ಕಪ್ಪೆಗಣ್ಣಿನಂಥ ಎರಡು ದುಂಡು ದೀಪ. ಕೆಳಗೆ ಮಾರುವವರ ಒಕ್ಕಣೆ: 'ಅಪರೂಪದ ಗಾಡಿ. ಸಿಂಗಲ್ ಹ್ಯಾಂಡ್. ನೋಡಿದವರು ಬಿಡುವುದಿಲ್ಲ.' ನನಗೆ ಗೊತ್ತಿದ್ದ ಕಾರು ಇದೇನೋ, ಇದರ ತಮ್ಮನೋ ಹೇಳಲಾರೆ. ಆದರೆ 'ಸಿಂಗಲ್ ಹ್ಯಾಂಡ್' ಎಂಬ ಎರಡು ಪದ ಕಂಡದ್ದೇ ಕೈಯಲ್ಲಿದ್ದ ತುತ್ತು ತಟ್ಟೆಗೆ ವಾಪಸ್ಸಾಯಿತು.

ಹಳೇ ಗಾಡಿ ಮಾರುವವರ ಭಾಷೆ ನಿಮಗೂ ಅಷ್ಟಿಷ್ಟು ಗೊತ್ತಿರುತ್ತದೆ. ಸಿಂಗಲ್ ಹ್ಯಾಂಡ್ ಎಂದರೆ ಒಬ್ಬರೇ ಮಾಲೀಕರ ಬಳಿ ಇದ್ದದ್ದು. 'ಡಾಕ್ಟರ್ ಗಾಡಿ' ಎಂದರೆ ಜೋಪಾನವಾಗಿ ಓಡಿಸಿದ್ದು; ಡಾಕ್ಟರರು ಜೋಪಾನ ಎಂದು ಯಾರು ತೀರ್ಮಾನಿಸಿದರೋ ಕಾಣೆ. 'ಎಂಜಿನ್ ಬೆಣ್ಣೆ' ಎಂದರೆ ಸದ್ಯಕ್ಕೆ ಸದ್ದು ಮಾಡುತ್ತಿಲ್ಲ ಎಂದರ್ಥ. ಈ ನಿಘಂಟು ನನಗೆ ಬಾಯಿಪಾಠವಿರುವುದಕ್ಕೆ ಕಾರಣವಿದೆ. ಕನ್ನಡ ಎಂ.ಎ. ಮುಗಿಸಿ ಕೆಲಸವಿಲ್ಲದೆ ಕೂತಿದ್ದಾಗ, ರಾಮನಗರದಲ್ಲಿ ಹಳೇ ಕಾರು ಮಾರುತ್ತಿದ್ದ ಸಿದ್ದರಾಜು ಎಂಬುವವರಿಗೆ ನಾನು ಕರಪತ್ರ ಬರೆದುಕೊಡುತ್ತಿದ್ದೆ. ದಿನಪತ್ರಿಕೆಯೊಳಗೆ ಮಡಿಸಿಟ್ಟು ಹಂಚುತ್ತಾರಲ್ಲ, ಅಂಥವು. ಜನ ಅದನ್ನು ಓದುವ ಮೊದಲೇ ಅದರಲ್ಲಿ ಕಡಲೆಕಾಯಿ ಸಿಪ್ಪೆ ತುಂಬುತ್ತಿದ್ದರು. ಆದರೂ ನಾನು ಪ್ರತಿ ಪದವನ್ನೂ ತೂಗಿ ಇಡುತ್ತಿದ್ದೆ. ನನಗೆ ಕಾರು ಓಡಿಸಲು ಬರುತ್ತಿರಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಆ ಪುಟ್ಟ ಹಸಿರು ಕಾರು ಸಿದ್ದರಾಜು ಅವರ ಅಂಗಳಕ್ಕೆ ಬಂದದ್ದು ಜಪಾನಿನಲ್ಲಿ ಕೆಲಸ ಮಾಡಿ ಹಿಂತಿರುಗಿದ್ದ ಒಬ್ಬರಿಂದ. ಅದರ ಹೆಸರನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಹೊಸ ಕಾಲದಲ್ಲಿ ಹುಟ್ಟಿದರೂ ಬೇಕೆಂದೇ ಹಳೇ ಕಾಲದ ಹಾಗೆ ಕಾಣಲು ಮಾಡಿದ ಕಾರು ಅದು. ಸಿದ್ದರಾಜುಗೆ ಇದು ಅರಗಲೇ ಇಲ್ಲ. "ನಾವು ಹಳೇದನ್ನ ಹೊಸಾದು ಮಾಡಕ್ಕೆ ಸಾಯ್ತಾ ಇದ್ರೆ, ಇವ್ರು ಹೊಸಾದನ್ನ ಹಳೇದು ಮಾಡಿ ಕಳ್ಸವ್ರಲ್ಲಪ್ಪ," ಎಂದು ತಲೆ ಕೆರೆದುಕೊಂಡರು. ಬಂದವರು ಅದನ್ನು ಸುತ್ತಿ ನೋಡಿ, ಚನ್ನಪಟ್ಟಣದಲ್ಲಿ ಮಾಡಿಸಿದ್ದಾ, ಎಳೆಯೋಕೆ ದಾರ ಎಲ್ಲಿ ಎಂದು ಕೇಳಿ ಹೋಗುತ್ತಿದ್ದರು. ಅದರಲ್ಲಿ ಗೇರು ಬದಲಿಸುವ ಕೆಲಸವಿರಲಿಲ್ಲ, ತಾನೇ ಬದಲಿಸಿಕೊಳ್ಳುತ್ತಿತ್ತು. ಆ ಕಾಲಕ್ಕೆ ಅದೂ ಒಂದು ಐಬೇ. ಗೇರಿಲ್ಲದ ಗಾಡಿ ಕೆಟ್ಟರೆ ಯಾರು ನೋಡುತ್ತಾರೆ ಎನ್ನುತ್ತಿದ್ದರು.

ನಾನು ಪಟ್ಟು ಹಿಡಿದು ಕೂತು ಅದಕ್ಕೊಂದು ಕರಪತ್ರ ಬರೆದೆ. ಸಿಂಗಲ್ ಹ್ಯಾಂಡ್ ಎಂಬ ಇಂಗ್ಲಿಷು ನನ್ನ ಎಂ.ಎ.ಗೆ ಅವಮಾನವೆನಿಸಿತು. ತಲೆಬರಹ ಹೀಗೆ ಕೊಟ್ಟೆ: 'ಒಂದೇ ಕೈಯಲ್ಲಿ ಓಡಿದ ಪುಟ್ಟ ಕಾರು'. ಸಿದ್ದರಾಜು ಎರಡು ಸಲ ಓದಿಸಿಕೊಂಡು ಪದ್ಯ ಇದ್ದಂಗದೆ ಎಂದರು. ನಾನು ಹಿಗ್ಗಿದೆ.

ಮೂರನೇ ದಿನವೋ ನಾಲ್ಕನೇ ದಿನವೋ, ಗಂಡ ಹೆಂಡತಿ ಇಬ್ಬರು ಬಸ್ಸಿಳಿದು ಬಂದರು. ಗಂಡನ ಹೆಸರು ತಮ್ಮಯ್ಯ, ಹೆಂಡತಿ ಜಯಮ್ಮ, ಊರು ಚನ್ನಪಟ್ಟಣದ ಹತ್ತಿರದ ಹೊಂಗನೂರು. ಆತ ಜೇಬಿನಿಂದ ನನ್ನ ಕರಪತ್ರ ತೆಗೆದು ಬಲಗೈಯಿಂದಲೇ ಮಡಿಕೆ ಬಿಚ್ಚಿ ಮೇಜಿನ ಮೇಲೆ ನೀವಿ ಇಟ್ಟ. ಎಡಗೈ ಮೇಜಿನ ಮೇಲೆ ಬಂದಾಗ ನಾವು ನೋಡಿದೆವು. ಮಣಿಕಟ್ಟಿನಿಂದ ಮುಂದಕ್ಕೆ ಕೈ ಇರಲಿಲ್ಲ.

ಇಪ್ಪತ್ತು ವರ್ಷ ಟೆಂಪೊ ಓಡಿಸಿದವನಂತೆ. ಹೊಂಗನೂರು ಕಡೆಯ ರೇಷ್ಮೆಗೂಡನ್ನು ರಾಮನಗರದ ಮಾರುಕಟ್ಟೆಗೆ ಸಾಗಿಸುವುದು ಕಸುಬು. ರಸ್ತೆಯಲ್ಲಿ ಒಂದು ಗೀರೂ ಆಗಲಿಲ್ಲ, ಮನೆಯಲ್ಲಿ ಹುಳುವಿಗೆ ಸೊಪ್ಪು ಕತ್ತರಿಸುವ ಯಂತ್ರ ಕೈ ತಿಂದಿತು. ಅದಾದ ಮೇಲೆ ಎರಡು ವರ್ಷದಿಂದ ಅವನು ಸ್ಟೇರಿಂಗ್ ಮುಟ್ಟಿಲ್ಲ. ಈ ಗಾಡಿ ಒಂದು ಸುತ್ತು ಓಡಿಸಿ ನೋಡಬೇಕು, ಸರಿಹೋದರೆ ಮತ್ತೆ ಓಡಿಸುವುದು, ಇಲ್ಲದಿದ್ದರೆ ಆ ಆಸೆಯನ್ನೇ ಬಿಡುವುದು ಎಂದ. ಬೆಲೆಯನ್ನು ಕೇಳಲೇ ಇಲ್ಲ.

ಸಿದ್ದರಾಜು ನನ್ನನ್ನು ಗೋಡೆಯ ಹಿಂದಕ್ಕೆ ಕರೆದು, ನೀನು ಬರೆದದ್ದನ್ನು ಅವನು ಹಂಗಂಗೇ ತಿಳಿದುಕೊಂಡಿದ್ದಾನೆ, ನೀನೇ ಬಿಡಿಸಿ ಹೇಳು ಎಂದರು. ನಾನು ಹೇಳಬೇಕೆಂದೇ ಹೋದೆ. ಅಷ್ಟರಲ್ಲಿ ಜಯಮ್ಮ ಕೇಳಿದರು, "ಒಂದೇ ಕೈಲಿ ಓಡ್ತದಂತಲ್ಲ ಸಾ, ದಿಟವಾ?"

ನಾನು "ಹೂಂ" ಅಂದೆ.

ಯಾಕೆ ಅಂದೆ? ಇಷ್ಟು ವರ್ಷದಲ್ಲಿ ಇದಕ್ಕೆ ನಾನು ಕೊಟ್ಟುಕೊಂಡ ಉತ್ತರಗಳು ಹಲವು. ಗೇರಿಲ್ಲದ ಗಾಡಿ, ಹಾಗಾಗಿ ಪೂರ್ತಿ ಸುಳ್ಳಲ್ಲ ಎಂಬುದು ಒಂದು. ಆಕೆಯ ಮುಖ ನೋಡಿ ಇಲ್ಲವೆನ್ನಲಾಗಲಿಲ್ಲ ಎಂಬುದು ಇನ್ನೊಂದು. ನನ್ನ ತಲೆಬರಹ ತಪ್ಪೆಂದು ಒಪ್ಪಿಕೊಳ್ಳಲು ನಾಲಿಗೆ ಬರಲಿಲ್ಲ ಎಂಬುದು ಮೂರನೆಯದು. ಈ ಮೂರನೆಯದೇ ನಿಜವಿರಬೇಕು. ಅದನ್ನು ನಾನು ಯಾರಿಗೂ ಹೇಳಿಲ್ಲವಲ್ಲ.

ಬರೆದವನು ನೀನೇ, ನೀನೇ ಜೊತೆಗೆ ಹೋಗು ಎಂದರು ಸಿದ್ದರಾಜು. ಪಕ್ಕದ ಸೀಟಿನಲ್ಲಿ ನಾನು, ಹಿಂದೆ ಜಯಮ್ಮ. ಕನಕಪುರದ ರಸ್ತೆ ಹಿಡಿದೆವು. ಆಗ ನಮ್ಮಲ್ಲಿ ಓಡುತ್ತಿದ್ದ ಬಹುಪಾಲು ಗಾಡಿಗಳಲ್ಲಿ ಇಂಡಿಕೇಟರಿನ ಕಡ್ಡಿ ಎಡಗಡೆ ಇರುತ್ತಿತ್ತು. ಆ ಜಪಾನಿ ಕಾರಿನಲ್ಲಿ ಬಲಗಡೆಯಿತ್ತು. ಸಿದ್ದರಾಜು ಅವರ ಹುಡುಗರೆಲ್ಲ ಅದನ್ನು ಬೈಯುತ್ತಿದ್ದರು. ತಮ್ಮಯ್ಯ ಬಲಗೈಯ ಒಂದು ಬೆರಳು ಚಾಚಿ ಅದನ್ನು ತಟ್ಟಿದಾಗ ಮುಂದೆ ಹಸಿರು ಬಾಣ ಮಿನುಗಿತು. ಅವನು ಕೆಳತುಟಿಯನ್ನು ಒಳಕ್ಕೆ ಎಳೆದುಕೊಂಡ, ಅಷ್ಟೆ. ಲೋಕದಲ್ಲಿ ಯಾರಿಗೂ ಬೇಡವಾಗಿದ್ದ ಆ ಕಾರು ಅವನ ಅಳತೆಗೆ ಹೊಲಿಸಿದಂತಿತ್ತು.

ಮೂರು ನಾಲ್ಕು ಮೈಲಿ ಹೋಗಿರಬೇಕು. ಎದುರಿಗೆ ಲಾರಿ ಬಂದಾಗಲೆಲ್ಲ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಅವನ ಕೈ ಸ್ಟೇರಿಂಗ್ ಚಕ್ರದ ಮೇಲೆ ಹಗುರವಾಗಿ ಜಾರುತ್ತ ಹಿಡಿಯುತ್ತ ಇತ್ತು. ಬಂಡೆಯೊಂದನ್ನು ಬಳಸುವ ತಿರುವಿನಲ್ಲಿ, ಬಂಡೆಯ ಹಿಂದಿನಿಂದ ಕುರಿಗಳು ಸುರಿದವು. ರಸ್ತೆ ತುಂಬ ಕುರಿ. ಹಿಂದಿನಿಂದ ಜಯಮ್ಮ ಕಿರುಚಿದರು. ನಾನು ಸ್ಟೇರಿಂಗ್ ಹಿಡಿದು ಎಳೆದೆ.

ಕಾರು ಎಡಕ್ಕೆ ಹೊರಳಿ, ಮಣ್ಣಿಗಿಳಿದು, ಬಂಡೆಗೆ ಒಂದು ಗೇಣು ಬಾಕಿಯಿರುವಾಗ ನಿಂತಿತು. ಎಂಜಿನ್ ಇನ್ನೂ ಗುನುಗುತ್ತಿತ್ತು. ಚಕ್ರದ ಮೇಲೆ ಅವನ ಒಂದು ಕೈ, ನನ್ನ ಎರಡು ಕೈ.

"ಕೈ ತೆಗೀರಿ ಸಾ," ಎಂದ ತಮ್ಮಯ್ಯ, ತಗ್ಗಿದ ದನಿಯಲ್ಲಿ.

ಕುರಿ ಕಾಯುವವನು ಕೋಲೂರಿಕೊಂಡು ಬಂದು ಕಿಟಕಿಯಲ್ಲಿ ಬಗ್ಗಿ ನೋಡಿದ. "ಏನ್ಲಾ, ಇಬ್ರು ಸೇರ್ಕಂಡು ಒಂದು ಗಾಡಿ ಓಡ್ಸೀರಾ?"

ತಮ್ಮಯ್ಯ ಎಂಜಿನ್ ಆರಿಸಿ ಕೆಳಗಿಳಿದ. ಮತ್ತೆ ಹತ್ತಲಿಲ್ಲ. ನಾನು ಸಿದ್ದರಾಜುಗೆ ಫೋನ್ ಮಾಡಿದೆ. ಗಾಡಿ ವಾಪಸು ತರಲು ಯಾರಾದರೂ ಬರುವವರೆಗೂ ಮೂವರೂ ಬಿಸಿಲಲ್ಲಿ ನಿಂತೆವು. ಕೀಲಿ ನನ್ನ ಕೈಗಿಡುವಾಗ ಅವನು ಆಡಿದ್ದು ಒಂದೇ ಮಾತು: "ಒಂದ್ ಕೈಲಿ ಓಡ್ತು ಅಂತ ಈಗ ಹೇಳಂಗಿಲ್ಲ. ಓಡ್ನಿಲ್ಲ ಅಂತ್ಲೂ ಹೇಳಂಗಿಲ್ಲ."

ಮುಂದೆ ನನಗೆ ಚನ್ನಪಟ್ಟಣದ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಸ್ಟಾಫ್ ರೂಮಿನಲ್ಲಿ ನಾನು ಈ ಕತೆಯನ್ನು ಎಷ್ಟು ಸಲ ಹೇಳಿದ್ದೇನೋ. ಪದವನ್ನು ಪದವಾಗಿಯೇ ತಿಳಿದ ಹಳ್ಳಿಯವನು, ಭಾಷಾಂತರದ ಅವಾಂತರ, ಸಮಯಕ್ಕೆ ಸರಿಯಾಗಿ ಸ್ಟೇರಿಂಗ್ ಹಿಡಿದು ಮೂರು ಜೀವ ಉಳಿಸಿದ ನಾನು. ಮೊದಲ ಸಲ ಹತ್ತು ಕುರಿ ಇದ್ದವು. ಈಚೆಗೆ ನಲವತ್ತಾಗಿವೆ. ಎಲ್ಲರೂ ನಗುತ್ತಾರೆ.

ವಾಟ್ಸಾಪಿನ ಆ ಚಿತ್ರ ಬಂದ ಮೇಲೆ ಹಳೆಯ ಡೈರಿ ಹುಡುಕಿ ತೆಗೆದೆ. ಅಂದಿನ ಪುಟದಲ್ಲಿ ಇದ್ದದ್ದು ಇಷ್ಟೇ: 'ಹೊಂಗನೂರಿನ ಒಬ್ಬರು ಬಂದಿದ್ದರು. ಗಾಡಿ ಹೋಗಲಿಲ್ಲ.' ವ್ಯಾಪಾರದ ಮಾತಿನಲ್ಲಿ ಗಾಡಿ ಹೋಗಲಿಲ್ಲ ಎಂದರೆ ಮಾರಾಟವಾಗಲಿಲ್ಲ. ಕುರಿಯಿಲ್ಲ, ಕಿರುಚಾಟವಿಲ್ಲ, ನನ್ನ ಕೈಗಳಿಲ್ಲ. ಕಣ್ಣು ಮುಚ್ಚಿ ನೆನೆದರೆ, ನಾನು ಚಕ್ರ ಹಿಡಿಯುವ ಮೊದಲೇ ಕಾರಿನ ಮೂತಿ ಒಂದಿಷ್ಟು ತಗ್ಗಿದ ಹಾಗೆ, ಎಂದರೆ ಅವನು ಆಗಲೇ ಬ್ರೇಕ್ ಒತ್ತಿದ್ದ ಹಾಗೆ ಅನಿಸುತ್ತದೆ. ಆದರೆ ಅದು ಅಂದಿನ ನೆನಪೋ, ಈಚಿನ ಅಪರಾಧಪ್ರಜ್ಞೆ ಹಳೇ ಬಣ್ಣ ಬಳಿದುಕೊಂಡು ಬಂದಿರುವುದೋ, ಹೇಳಲು ಧೈರ್ಯವಿಲ್ಲ.

ಭಾನುವಾರ ಹೊಂಗನೂರಿಗೆ ಹೋದೆ. ಈಗ ನನಗೂ ಕಾರಿದೆ, ಓಡಿಸಲೂ ಬರುತ್ತದೆ. ಮಂಡಿನೋವಿನಿಂದಾಗಿ ಗೇರಿಲ್ಲದ ಗಾಡಿಯನ್ನೇ ಕೊಂಡಿದ್ದೇನೆ. ಹೆಸರು ಹೇಳಿ ವಿಚಾರಿಸಿದರೆ, ಮೋಟುಗೈ ತಮ್ಮಯ್ಯನಾ ಎಂದು ಮನೆ ತೋರಿಸಿದರು. ಜಯಮ್ಮ ಜಗಲಿಯ ಮೇಲಿದ್ದರು. ಗುರುತು ಹೇಳಿಕೊಂಡೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತನ್ನು ಒಪ್ಪಿಸಿದೆ: ಒಂದೇ ಕೈ ಎಂದರೆ ಒಬ್ಬನೇ ಮಾಲೀಕ ಎಂದರ್ಥ, ನಿಮ್ಮವರು ತಪ್ಪಾಗಿ ತಿಳಿದರು, ಗೊತ್ತಿದ್ದೂ ನಾನು ತಿದ್ದಲಿಲ್ಲ, ಕ್ಷಮಿಸಬೇಕು.

ಆಕೆ ನನ್ನನ್ನೇ ನೋಡಿದರು. "ಇಪ್ಪತ್ತು ವರ್ಸ ಗಾಡಿ ಓಡ್ಸಿದೋರ್ಗೆ ಸಿಂಗಲ್ ಹ್ಯಾಂಡು ಗೊತ್ತಿರಕಿಲ್ವಾ ಮೇಸ್ಟ್ರೇ? ಅವ್ರಿಗೆ ಗೊತ್ತಿತ್ತು. ನಂಗೆ ಗೊತ್ತಿರ್ನಿಲ್ಲ."

ಕೈ ಹೋದಾಗ ಆಕೆ ಗಂಡನಿಗೆ ಒಂದು ಮಾತು ಹೇಳಿದ್ದರಂತೆ. ಒಂದು ಕೈಯಲ್ಲಿ ಓಡುವ ಗಾಡಿ ಯಾವನಾದರೂ ಮಾಡಿದ ದಿವಸ ಓಡಿಸು, ಅಲ್ಲಿಯವರೆಗೆ ಮುಟ್ಟಕೂಡದು. ನನ್ನ ಕರಪತ್ರ ಸಿಕ್ಕಾಗ ಅವನು ಅದನ್ನು ತಂದು ಆಕೆಯ ಮಗ್ಗುಲಲ್ಲಿ ಕೂತು ಓದಿ ತೋರಿಸಿದ್ದ. ಆಕೆಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ. "ನೀವು ಹೂಂ ಅಂದ್ರಲ್ಲ, ಅದ್ಕೇ ಹತ್ತಿ ಕೂತೆ," ಎಂದರು. ನಿಜ ಗೊತ್ತಾದದ್ದು ಆಮೇಲೆ, ಅವನೇ ಹೇಳಿದ್ದು. ಅಂದಿನಿಂದ ಅವನು ಏನನ್ನೂ ಓಡಿಸಿಲ್ಲ, ಓಡಿಸಲಾ ಎಂದೂ ಕೇಳಿಲ್ಲ.

ಇಷ್ಟು ವರ್ಷ ಸ್ಟಾಫ್ ರೂಮು ನಕ್ಕದ್ದು ಯಾರನ್ನು ನೋಡಿ ಎಂದು ನನಗೆ ಜಗಲಿಯ ಮೇಲೆ ಕೂತಲ್ಲೇ ತಿಳಿಯಿತು.

ತಮ್ಮಯ್ಯ ಸೊಪ್ಪಿನ ಹೊರೆ ಹೊತ್ತು ಬಂದ. ತಲೆ ನರೆತಿತ್ತು. ನನ್ನನ್ನು ನೋಡಿ ತಲೆಯಾಡಿಸಿದ. ಹೊರೆ ಇಳಿಸಿ, ಬೀದಿಯಲ್ಲಿ ನಿಂತಿದ್ದ ನನ್ನ ಕಾರಿನ ಸುತ್ತ ಒಂದು ಸಲ ಬಂದ. ಕಿಟಕಿಗೆ ಹಣೆ ಒತ್ತಿ ಒಳಗೆ ನೋಡಿದ. ನಾನು ಎದ್ದು ಹೋಗಿ ಕೀಲಿ ಚಾಚಿದೆ. ಅವನು ಅದನ್ನು ತೆಗೆದುಕೊಳ್ಳದೆ ಹೆಂಡತಿಯ ಕಡೆ ತಿರುಗಿದ. ಜಯಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ಇಳಿದು ಬಂದು ಎಡಗಡೆಯ ಮುಂದಿನ ಬಾಗಿಲು ತೆಗೆದರು.

"ಮೇಸ್ಟ್ರೇ, ನೀವು ಹಿಂದ್ಗಡೆ ಕೂತ್ಕಳಿ."

ಊರಾಚೆಯ ತೋಟದ ದಾರಿ, ಎರಡೂ ಕಡೆ ಹಿಪ್ಪುನೇರಳೆ, ಜನವಿರಲಿಲ್ಲ. ತಮ್ಮಯ್ಯ ಓಡಿಸಿದ್ದು ಮೊದಲು ನಡಿಗೆಯ ವೇಗದಲ್ಲಿ. ಅವನ ಕುತ್ತಿಗೆಯ ನರ ಉಬ್ಬಿದ್ದು ನನಗೆ ಹಿಂದಿನಿಂದ ಕಾಣುತ್ತಿತ್ತು. ದಾರಿ ತಿರುಗುವಲ್ಲಿ ಎದುರಿಗೆ ಟ್ರ್ಯಾಕ್ಟರ್ ಬಂತು. ಟ್ರೇಲರಿನ ತುಂಬ ಸೊಪ್ಪು, ದಾರಿಯ ತುಂಬ ಟ್ರ್ಯಾಕ್ಟರ್. ಅದು ನಿಲ್ಲುವ ಹಾಗೆ ಕಾಣಲಿಲ್ಲ. ಜಯಮ್ಮನ ಬಲಗೈ ತೊಡೆಯಿಂದ ಮೇಲೆದ್ದಿತು. ಗಾಳಿಯಲ್ಲಿ ನಿಂತಿತು. ಆಕೆ ಆ ಕೈಯನ್ನು ಎಡಗೈಯಿಂದ ಹಿಡಿದು ಮಡಿಲಿಗೆ ಎಳೆದುಕೊಂಡರು. ಬೆರಳು ಬಿಳಿಚುವಷ್ಟು ಬಿಗಿಯಾಗಿ ಹಿಡಿದಿದ್ದರು.

ತಮ್ಮಯ್ಯ ಚಕ್ರವನ್ನು ಅಂಗೈಯಿಂದ ಒಂದು ಸುತ್ತು ಹೊರಳಿಸಿದ. ಎಡಗಡೆಯ ಗಾಲಿಗಳು ಹುಲ್ಲಿಗಿಳಿದವು. ಟ್ರ್ಯಾಕ್ಟರಿನ ಸೊಪ್ಪು ನಮ್ಮ ಗಾಜನ್ನು ಸವರಿಕೊಂಡು ದಾಟಿತು. ಕಾರು ಮತ್ತೆ ದಾರಿಗೆ ಹತ್ತಿತು.

ಸ್ವಲ್ಪ ಮುಂದೆ ಅವನು ನಿಲ್ಲಿಸಿದ. ಹಿಂದಕ್ಕೆ ತಿರುಗಲಿಲ್ಲ, ಕನ್ನಡಿಯಲ್ಲೇ ನನ್ನ ಕಣ್ಣು ಹುಡುಕಿದ.

"ನೋಡುದ್ರಾ?"

"ನೋಡಿದೆ," ಎಂದೆ.

"ಬರ್ಕಳಿ ಮತ್ತೆ."