ಖಾದರ್ ನುಂಗಿದ ‘ನಾವು’

ಖಾದರ್ ಅಂಕಲ್ ಆ ಸೇಬಿನ ತೋಟದಲ್ಲಿ ಒಬ್ಬರೇ ಇರಲಿಲ್ಲ, ಸ್ಮಿತಾ. ಅವನ ಜೊತೆ ನಾನೂ ಇದ್ದೆ. ವೀಸಾ ಮುಗಿದು, ಪೊಲೀಸ್ ಕಾರು ಕಂಡರೆ ಮರದ ಹಿಂದೆ ಸರಿಯುತ್ತಿದ್ದವನು — ನಿನ್ನಪ್ಪ.

ಹೈಸ್ಕೂಲಿನಲ್ಲಿ ನಿನಗೊಂದು ಪ್ರಬಂಧ ಕೊಟ್ಟಿದ್ದರು, ನೆನಪಿದೆಯೇ? ಸಿನಿಮಾ ಬಿಟ್ಟು ಅಧ್ಯಕ್ಷನಾದ ಆ ಮನುಷ್ಯ ರಾಜಕೀಯಕ್ಕೇ ಬಂದಿರದಿದ್ದರೆ ಅಮೆರಿಕದ ಬಲಪಂಥ ಏನಾಗುತ್ತಿತ್ತು ಅಂತ. ನೀನು ಚೆನ್ನಾಗಿಯೇ ಬರೆದಿದ್ದೆ. ಪಕ್ಷ ಯಾರೋ ಸಿಡುಕು ಮೋರೆಯವನ ಕೈಗೆ ಹೋಗುತ್ತಿತ್ತು, ಕಾಗದಪತ್ರವಿಲ್ಲದೆ ನೆಲೆಸಿದವರನ್ನು ಕ್ಷಮಿಸಲು ಈತ ಸಹಿ ಹಾಕಿದ ಕಾನೂನಿಗೆ ಅಂಥವನು ಸಹಿ ಹಾಕುತ್ತಲೇ ಇರಲಿಲ್ಲ ಅಂತ.

ನೀನು ಅದನ್ನು ಬರೆದ ವಾರದ ಭಾನುವಾರ ನಮ್ಮ ಹಿತ್ತಲಲ್ಲಿ ಅದೇ ಪಕ್ಷದವರ ಬಾರ್ಬೆಕ್ಯೂ. ನಮ್ಮೂರು ಓಕ್ ಬ್ರೂಕ್‌ನ ದೊಡ್ಡ ಮನುಷ್ಯರು. ಅವರ ಮುಂದೆ ನನ್ನದು ಒಂದೇ ಪಲ್ಲವಿ — ನಾವೆಲ್ಲ ಸಾಲಿನಲ್ಲಿ ನಿಂತು ಬಂದವರು, ನುಗ್ಗಿ ಬಂದವರಿಗೆ ಕ್ಷಮೆ ಯಾಕೆ? ಹೇಳಿ ಹೇಳಿ ನನಗೇ ನಿಜವೆನಿಸಿಬಿಟ್ಟಿತ್ತು. ಖಾದರ್ ಡೆಟ್ರಾಯಿಟ್‌ನಿಂದ ಡ್ರೈವ್ ಮಾಡಿಕೊಂಡು, ಹೇಳದೆ ಕೇಳದೆ, ಬಿರಿಯಾನಿ ಡಬ್ಬಿ ಹಿಡಿದು ಬಂದಿದ್ದ. ನೀನು ಪ್ರಬಂಧದ ವಿಷಯ ಹೇಳಿದಾಗ ಅವನ ಮುಖ ಅರಳಿತು.

"ಆ ಮನಶ್ಯಾ ಇರದಿದ್ರ ನಾವು ಇಲ್ಲಿ ಇರ್ತಿರಲಿಲ್ಲ ಬೇಟಿ. ಮಿಶಿಗನ್ ತೋಟದಾಗ ನಾವು—"

ಆಗ ನನ್ನತ್ತ ನೋಡಿದ. ನಾನು ಕಣ್ಣಲ್ಲೇ ಬೇಡವೆಂದೆ. ಅವನ ಕನ್ನಡ ಆ ಅತಿಥಿಗಳಿಗೆ ತಿಳಿಯದು, ನಿಜ. ಆದರೆ ನೀನು ಕನ್ನಡದಲ್ಲಿ ಕೇಳಿಸಿಕೊಂಡದ್ದಕ್ಕೆ ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಉತ್ತರಿಸುವ ಹುಡುಗಿ.

"ವೀ ಹೂ, ಅಂಕಲ್? ಆರ್ ವರ್ ಯೂ ಆಲ್ ಅಲೋನ್?" ಎಂದು ನೀನು ಕೇಳಿದೆ.

"ಹೂಂ ಬೇಟಿ," ಎಂದ. "ನಾ ಒಬ್ಬನ ಇದ್ನಿ."

ನಾನು ಜ್ವರದಲ್ಲಿ ಬಿದ್ದಾಗ ಕೆಲಸ ಹೋಗದಿರಲೆಂದು ನನ್ನ ಪಾಲಿನ ಮರಗಳ ಹಣ್ಣನ್ನೂ ಬಿಡಿಸಿದವನು ಅವನು. ಒಂದೇ ಕಂಬಳಿ ಇದ್ದಾಗ ನನಗೆ ಹೊದಿಸಿದವನು. ಆ ಭಾನುವಾರ ಅವನು ಊಟ ಮಾಡದೆ ಹೊರಟ. ಡಬ್ಬಿಯನ್ನೂ ವಾಪಸ್ ಕೇಳಲಿಲ್ಲ. ಮತ್ತೆ ನಮ್ಮ ಮನೆಗೆ ಬರಲಿಲ್ಲ. ನಾನೂ ಕರೆಯಲಿಲ್ಲ — ಕರೆದರೆ ಏನು ಹೇಳಬೇಕಿತ್ತೋ ಅದಕ್ಕೆ ಹೆದರಿ.

ಮೊನ್ನೆ ಅವನು ತೀರಿಕೊಂಡ ಸುದ್ದಿ ತಿಳಿದು ನೀನು ಈಗ ನೀನಿರುವ ಆನ್ ಆರ್ಬರ್‌ನಿಂದ ಫೋನ್ ಮಾಡಿದೆ. "ಡ್ಯಾಡ್, ಪಾಪ ಅಂಕಲ್, ಆ ತೋಟದಲ್ಲಿ ಒಬ್ರೇ ಇದ್ರಲ್ಲ," ಎನ್ನುತ್ತ ನೀನು ಅತ್ತುಬಿಟ್ಟೆ. ನಾನು ಮತ್ತೆ ‘ಹೂಂ’ ಎಂದೆ. ಯಾರೂ ಅತಿಥಿಗಳಿರಲಿಲ್ಲ ಆಗ. ನನ್ನ ಎದುರು ಇದ್ದದ್ದು ಗೋಡೆ ಮಾತ್ರ... ಆದರೂ ಹೂಂ ಎಂದೆ.

ಆ ನಾಯಕನಿಲ್ಲದ ಅಮೆರಿಕವನ್ನು ನೀನು ಬರೆದೆಯಲ್ಲ, ಆ ಅಮೆರಿಕದಲ್ಲಿ ನನಗೆ ಕಾಗದಪತ್ರವಿಲ್ಲ, ನೀನೇ ಹುಟ್ಟಿಲ್ಲ ಮಗಳೇ. ಖಾದರ್ ಇಲ್ಲದ ಅಮೆರಿಕದಲ್ಲೂ ಅಷ್ಟೇ. ನಾನು ಇಬ್ಬರ ಋಣವನ್ನೂ ತಿಂದು ಬಾಯಿ ಒರೆಸಿಕೊಂಡವನು.

ನಿನಗೆ ಕನ್ನಡ ಓದಲು ಬಾರದು. ಹಾಗಾಗಿ ನಾಳೆ ನಿನ್ನನ್ನು ಆನ್ ಆರ್ಬರ್‌ನಿಂದ ಕರೆದುಕೊಂಡು ಡೆಟ್ರಾಯಿಟ್‌ಗೆ, ಅವನ ಮನೆಗೆ ಹೋಗುವಾಗ ನೀನು ಕಾರು ಓಡಿಸುತ್ತಿರು, ಇದನ್ನು ನಾನೇ ಓದಿ ಹೇಳುತ್ತೇನೆ. ಅವನ ಮಕ್ಕಳ ಮುಂದೆ ತೋಟದ ಕಥೆ ಹೇಳಬೇಕು ಎಂದಿದ್ದೆಯಲ್ಲ, ಹೇಳು. ಅಂಕಲ್ ಒಬ್ಬರೇ ಇದ್ದರು ಎನ್ನಬೇಡ. ಅಂಕಲ್ ಮತ್ತು ನಮ್ಮಪ್ಪ ಎನ್ನು. ನಾನು ಅಲ್ಲೇ ನಿಂತಿರುತ್ತೇನೆ.